ಗೋಡೆಯ ಪ್ಲಗ್‌ನಿಂದ ಶುರುವಾದ ಗೇಮಿಂಗ್ ಪಿಸಿ: ಮೂಡಿಗೆರೆ ಕಡೆಯ ಒಂದು ಪ್ರಕರಣ

ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಜೋಡಿಸಿಕೊಡುವುದು, ರಿಪೇರಿ ಮಾಡುವುದು ನನ್ನ ಕೆಲಸ. ಮೊದಲ ಸಲ ಗೇಮಿಂಗ್ ಪಿಸಿ ಕಟ್ಟಲು ಹೊರಟ ಹುಡುಗರು ಬಂದ ಕೂಡಲೇ ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಕೇಳುತ್ತಾರೆ. ಪಟ್ಟಣದ ಮನೆಯಾದರೆ ಅಲ್ಲಿಂದ ಶುರು ಮಾಡಿದರೂ ನಡೆದೀತು. ತೋಟದ ಮನೆಗೆ ಅದು ನಡೆಯುವುದಿಲ್ಲ. ಯಾಕೆ ಎನ್ನುವುದು ಈ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಹೆಸರು, ಊರು, ಗುರುತು ಸಿಗುವಂಥ ವಿವರ ಎಲ್ಲ ಬಿಟ್ಟಿದ್ದೇನೆ. ಬೆಲೆಗಳು 2024ರ ಶುರುವಿನಲ್ಲಿ ಇವರಿಗೆ ಸಿಕ್ಕವು, ಈಗಿನವಲ್ಲ.

ಹಿನ್ನೆಲೆ

ಮೂಡಿಗೆರೆ ಕಡೆಯ ಒಂದು ಹಳ್ಳಿ. ಸಣ್ಣ ಕಾಫಿ ತೋಟ, ನಡುವೆ ಮೆಣಸು. ಹುಡುಗ ಬಿಸಿಎ ಓದುತ್ತಿದ್ದ. ಗೆಳೆಯರ ಲ್ಯಾಪ್‌ಟಾಪ್‌ನಲ್ಲಿ ವ್ಯಾಲೊರಂಟ್, ಜಿಟಿಎ 5 ಆಡಿ ರುಚಿ ಹತ್ತಿತ್ತು. ಆ ವರ್ಷ ಕಾಫಿಗೆ ಒಳ್ಳೆ ಬೆಲೆ ಬಂದಿತ್ತು. ಅಪ್ಪ 75 ಸಾವಿರ ಕೊಡಲು ಒಪ್ಪಿದ್ದರು. ಆದರೆ ಇನ್ನು ಐದು ವರ್ಷ ಕಂಪ್ಯೂಟರ್ ಹೆಸರಲ್ಲಿ ದುಡ್ಡು ಕೇಳಬಾರದು ಎಂದು ಮೊದಲೇ ಹೇಳಿಬಿಟ್ಟಿದ್ದರು.

ಹುಡುಗನಿಗೆ ತಾನೇ ಕೂತು ಜೋಡಿಸಬೇಕು ಎಂಬ ಹಠ. ನನಗೆ ಅದು ತುಂಬಾ ಹಿಡಿಸಿತು. ತಾನೇ ಜೋಡಿಸಿದವನಿಗೆ ನಾಳೆ ಏನಾದರೂ ಕೆಟ್ಟರೆ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ.

ಎರಡು ಪಟ್ಟಿ

ನನ್ನ ಹತ್ತಿರ ಬರುವ ಹೊತ್ತಿಗೆ ಮನೆಯಲ್ಲಿ ಎರಡು ಪಟ್ಟಿ ಇದ್ದವು, ಅದರ ಮೇಲೆ ಜಗಳವೂ ಆಗಿತ್ತು.

ಅಪ್ಪನ ಕೈಯಲ್ಲಿದ್ದದ್ದು ಒಂದು ಅಂಗಡಿಯವರು ಬರೆದುಕೊಟ್ಟ ಚೀಟಿ. "ಐ7 ಗೇಮಿಂಗ್ ಪಿಸಿ, 16 ಜಿಬಿ ರಾಮ್, 4 ಜಿಬಿ ಗ್ರಾಫಿಕ್ಸ್, ಮಾನಿಟರ್ ಸಮೇತ 42 ಸಾವಿರ." ನೋಡಲು ಭಾರಿ ಅಗ್ಗ. ಯಾವ ಐ7 ಎಂದು ಫೋನ್ ಮಾಡಿಸಿ ಕೇಳಿಸಿದೆ. ಐ7-3770. ಅದು 2012ರ ಪ್ರೊಸೆಸರ್. ನಾಲ್ಕು ಕೋರ್, ಡಿಡಿಆರ್3 ಮೆಮೊರಿ. ಐ7 ಎನ್ನುವುದು ಮಾಲಿನ ದರ್ಜೆ ಹೇಳುತ್ತದೆ, ವಯಸ್ಸು ಹೇಳುವುದಿಲ್ಲ. ವಯಸ್ಸು ಇರುವುದು ಅದರ ಮುಂದಿನ ನಂಬರಿನಲ್ಲಿ. ವಿಂಡೋಸ್ 11 ಅಧಿಕೃತವಾಗಿ, ಕೆಲವು ವಿನಾಯಿತಿ ಬಿಟ್ಟರೆ, ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್‌ಗಳನ್ನು ಮಾತ್ರ ಒಪ್ಪುತ್ತದೆ, ಇದು ಮೂರನೆಯದು. ವ್ಯಾಲೊರಂಟ್ ಬೇರೆ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ವ್ಯವಸ್ಥೆಗಳೂ ಆನ್ ಇರಲೇಬೇಕು ಎನ್ನುತ್ತದೆ. ಹುಡುಗ ಯಾವ ಆಟಕ್ಕೆ ಕಂಪ್ಯೂಟರ್ ಬೇಕು ಅಂತಿದ್ದನೋ ವಿಂಡೋಸ್ 11ರಲ್ಲಿ ಅದಕ್ಕೇ ಆ ಪಿಸಿ ಸಲ್ಲುತ್ತಿರಲಿಲ್ಲ.

4 ಜಿಬಿ ಗ್ರಾಫಿಕ್ಸ್ ಎಂದದ್ದು ಜಿಟಿ 730. ಇದರಲ್ಲಿ ಹೆಚ್ಚಾಗಿ ಸಿಗುವ ಡಿಡಿಆರ್3 ಮಾದರಿಯ ಮೆಮೊರಿ ವೇಗ ಸೆಕೆಂಡಿಗೆ 14.4 ಜಿಬಿ. ಕೊನೆಗೆ ನಾವು ಹಾಕಿದ ಕಾರ್ಡಿನದು 224 ಜಿಬಿ. ಎಷ್ಟು ಜಿಬಿ ಮೆಮೊರಿ ಇದೆ ಎಂದಷ್ಟೇ ನೋಡಿ ಕಾರ್ಡ್ ಕೊಳ್ಳುವವರಿಗೆ ಈ ಎರಡು ಅಂಕಿ ತೋರಿಸಿದರೆ ಸಾಕು.

ಹುಡುಗನ ಪಟ್ಟಿ ವಿಡಿಯೋಗಳನ್ನು ನೋಡಿ ಮಾಡಿದ್ದು. ರೈಜನ್ 7 5800ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ನೀರಿನ ಕೂಲರ್, ಮುಂದೆ ಗಾಜು ಇರುವ ಬಣ್ಣದ ದೀಪದ ಕ್ಯಾಬಿನೆಟ್. ಒಂದೊಂದಾಗಿ ನೋಡಿದರೆ ಯಾವುದೂ ಕೆಟ್ಟ ಮಾಲಲ್ಲ. ಆದರೆ ಬಜೆಟ್ ಮೀರದಿರಲು ಅವನು ಎರಡು ಕಡೆ ಕೈ ಬಿಗಿ ಹಿಡಿದಿದ್ದ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಇಳಿಸಿ ಕೊಡುವ ಎಸ್‌ಎಂಪಿಎಸ್‌ಗೆ ಇಟ್ಟದ್ದು 1,800 ರೂಪಾಯಿ. ಮಾನಿಟರ್‌ಗೆ ಸೊನ್ನೆ. ಮನೆಯಲ್ಲಿದ್ದ 18.5 ಇಂಚಿನ ಹಳೇ ಮಾನಿಟರನ್ನೇ ಬಳಸುವ ಲೆಕ್ಕ.

ಆ ಹಳೇ ಮಾನಿಟರ್ ತೋರಿಸುವುದು 1366×768, ಸೆಕೆಂಡಿಗೆ 60 ಚಿತ್ರ. ಕಾರ್ಡ್ ಸೆಕೆಂಡಿಗೆ ಇನ್ನೂರು ಚಿತ್ರ ಬರೆದರೂ ಕಣ್ಣಿಗೆ ಸಿಗುವುದು ಅರವತ್ತೇ ಅಲ್ವಾ? 27 ಸಾವಿರದ ಕಾರ್ಡಿನ ಮುಕ್ಕಾಲು ಕೆಲಸ ಅಲ್ಲೇ ಸೋರಿಹೋಗುತ್ತಿತ್ತು.

1,800ರ ಎಸ್‌ಎಂಪಿಎಸ್ ಇನ್ನೂ ದೊಡ್ಡ ಸಮಸ್ಯೆ. ನನ್ನಲ್ಲಿ ರಿಪೇರಿಗೆ ಬಂದಿದ್ದ ಅಂಥದ್ದೇ ಒಂದನ್ನು ತಿರುಗಿಸಿ ಲೇಬಲ್ ಓದಲು ಹೇಳಿದೆ. ಮೇಲೆ ದಪ್ಪಕ್ಷರದಲ್ಲಿ 600 ವ್ಯಾಟ್. ಕೆಳಗೆ ಪುಟ್ಟ ಪಟ್ಟಿಯಲ್ಲಿ 12 ವೋಲ್ಟ್ ಎದುರು 18 ಆಂಪಿಯರ್. "ಗುಣಿಸು" ಎಂದೆ. 216 ವ್ಯಾಟ್. ಇವತ್ತಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಎಳೆಯುವುದು ಈ 12 ವೋಲ್ಟ್ ಸಾಲಿನಿಂದಲೇ. ಅವನ ಪಟ್ಟಿಯ ಕಾರ್ಡಿಗೆ 170, ಪ್ರೊಸೆಸರ್‌ಗೆ ಜೋರಾಗಿ ಓಡುವಾಗ 142. ಒಟ್ಟು 312. ಹುಡುಗ ಲೇಬಲ್ ಕಡೆ ನೋಡುತ್ತಾ ಸುಮ್ಮನಾದ. ಅದೇ ಲೇಬಲ್‌ನಲ್ಲಿ ಇನ್ನೊಂದು ಸಾಲೂ ಇತ್ತು: ಇನ್‌ಪುಟ್ 200ರಿಂದ 240 ವೋಲ್ಟ್. ಆಗ ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಮುಖ್ಯವಾಯಿತು.

ತಿರುವು

ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಹುಡುಗನ ಅಮ್ಮ ಕೇಳಿದರು: "ಅದೆಲ್ಲ ಸರಿ. ಇವನು ಆಡ್ತಾ ಇರುವಾಗ ಕರೆಂಟ್ ಹೋದ್ರೆ? ಹೋದ ವರ್ಷ ಮಿಂಚಿಗೆ ಟಿವಿ ಸುಟ್ಟಿದ್ದು ಎಲ್ಲರಿಗೂ ಮರೆತೇ ಹೋಯ್ತಾ?"

ಈ ಪ್ರಕರಣದಲ್ಲಿ ಯಾರಾದರೂ ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಇದೇ. "ಅಕ್ಕ, ಮೊದಲು ಮನೆಗೆ ಬಂದು ಪ್ಲಗ್ ನೋಡ್ತೀನಿ, ಆಮೇಲೆ ಪಟ್ಟಿ ಬರೆಯೋಣ" ಎಂದೆ.

ಹೋದದ್ದು ಸಂಜೆ ಹೊತ್ತು, ಬೇಕೆಂದೇ. ಅದು ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ. ಸುತ್ತಲಿನ ತೋಟಗಳ ಮೋಟರ್ ಎಲ್ಲ ಒಟ್ಟಿಗೆ ಓಡುತ್ತಿದ್ದವು. ಮಲ್ಟಿಮೀಟರ್ ಹಿಡಿದರೆ ಫೇಸ್, ನ್ಯೂಟ್ರಲ್ ನಡುವೆ 178 ವೋಲ್ಟ್. ಇರಬೇಕಾದದ್ದು 230. ಫೇಸ್‌ನಿಂದ ಅರ್ತ್‌ಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಮೂರನೇ ಪಿನ್ನಿಗೆ, ಹಿಡಿದೆ. ಅರ್ತ್ ಸರಿಯಿದ್ದರೆ ಹೆಚ್ಚುಕಡಿಮೆ ಅದೇ ಅಂಕಿ ಬರಬೇಕು. ಇಲ್ಲಿ ಮೀಟರ್ ಒಂದು ಕಡೆ ನಿಲ್ಲಲೇ ಇಲ್ಲ, ಎಪ್ಪತ್ತರ ಆಸುಪಾಸಿನಲ್ಲಿ ಓಲಾಡುತ್ತಿತ್ತು. ಸ್ವಿಚ್‌ಬೋರ್ಡ್ ಬಿಚ್ಚಿದರೆ ಮೂರನೇ ಪಿನ್ನಿಗೆ ವೈರೇ ಇಲ್ಲ. "ಅಣ್ಣ, ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ರೆ ಯಾವಾಗ್ಲೂ ಜುಮ್ ಅನ್ನತ್ತೆ" ಎಂದ ಹುಡುಗ. ಅನ್ನಲೇಬೇಕು.

ಮನೆಯಲ್ಲಿ ಇನ್ವರ್ಟರ್ ಇತ್ತು, ಹಳೆಯ ಸ್ಕ್ವೇರ್ ವೇವ್ ಮಾದರಿ, ಮೇನ್ ಲೈನಿನಷ್ಟು ನಯವಾದ ಕರೆಂಟ್ ಕೊಡದಂಥದ್ದು. ಹುಡುಗನ ಕೋಣೆಯ ಪ್ಲಗ್ ಬಂದದ್ದು ಅದೇ ಲೈನಿನಿಂದ. ದೀಪ, ಫ್ಯಾನ್‌ಗೆ ಅದು ಸಾಕು. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್ ಇರುತ್ತದೆ. ಸ್ಕ್ವೇರ್ ವೇವ್ ಕರೆಂಟ್ ಬಂದರೆ ಅದು ಗುಂಯ್ ಎನ್ನಬಹುದು, ಆಫ್ ಆಗಲೂಬಹುದು. ಜತೆಗೆ ಸಮಯದ ಲೆಕ್ಕ ಇದೆ. ಕರೆಂಟ್ ಹೋದ ಮೇಲೆ ಒಳ್ಳೆಯ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರ್ ಬಲದಲ್ಲಿ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಮಾಮೂಲಿ ಮೋಡ್‌ನಲ್ಲಿರುವ ಮನೆ ಇನ್ವರ್ಟರ್ ಬದಲಾಗಲು ಅದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಕಂಪ್ಯೂಟರ್ ಅಷ್ಟರಲ್ಲಿ ಆಫ್.

ಅಲ್ಲೇ ಕೂತು ಮೂರು ವಿಷಯ ತೀರ್ಮಾನ ಮಾಡಿದೆವು. ಎಲೆಕ್ಟ್ರಿಷಿಯನ್ ಕರೆಸಿ ಗುಂಡಿ ತೆಗೆದು, ಉಪ್ಪು ಇದ್ದಿಲು ಹಾಕಿ ಹೊಸ ಅರ್ತ್ ಮಾಡಿಸುವುದು. ಕಂಪ್ಯೂಟರ್ ಪ್ಲಗ್ ಅನ್ನು ಇನ್ವರ್ಟರ್ ಲೈನಿನಿಂದ ಬಿಡಿಸಿ ನೇರ ಮೇನ್ ಬೋರ್ಡಿನಿಂದ ಎಳೆಯುವುದು. ಕಂಪ್ಯೂಟರ್‌ಗೇ ಬೇರೆ ಯುಪಿಎಸ್, ಅಂದರೆ ಕರೆಂಟ್ ಹೋದ ಕೂಡಲೇ ಬ್ಯಾಟರಿಯಿಂದ ಕೊಡುವ ಪೆಟ್ಟಿಗೆ, ಇಡುವುದು. ಇನ್ವರ್ಟರ್ ಮೇಲೆ ಯುಪಿಎಸ್ ಇಟ್ಟರೆ ಸಾಲದಾ ಎಂದು ಅಪ್ಪ ಕೇಳಿದರು. ಸ್ಕ್ವೇರ್ ವೇವ್ ಬಂದಾಗ ಬಹಳಷ್ಟು ಯುಪಿಎಸ್‌ಗಳು ಅದನ್ನು ಕರೆಂಟ್ ಎಂದೇ ಒಪ್ಪುವುದಿಲ್ಲ. ತಮ್ಮ ಬ್ಯಾಟರಿಗೆ ಹೋಗಿಬಿಡುತ್ತವೆ, ಸ್ವಲ್ಪ ಹೊತ್ತಿಗೆ ಅದೂ ಖಾಲಿ. ಹಾಗಾಗಿ ಬೇಡ ಎಂದೆ.

ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡಿನ ವಿಷಯದಲ್ಲೂ ಜನ ಮೋಸ ಹೋಗುತ್ತಾರೆ. ಅದು ಹೆಚ್ಚಾಗಿ ಬಂದ ವೋಲ್ಟೇಜನ್ನು ಅರ್ತ್‌ಗೆ ಇಳಿಸಬೇಕು. ಇಳಿಸಲು ಅರ್ತೇ ಇಲ್ಲದ ಮನೆಯಲ್ಲಿ ಅದರಿಂದ ಪೂರ್ತಿ ರಕ್ಷಣೆ ಸಿಗುವುದಿಲ್ಲ.

ಪಟ್ಟಿ ಮತ್ತೆ ಬರೆದದ್ದು

ಈಗ ಭಾಗಗಳ ಆಯ್ಕೆ ತಾನಾಗಿ ಬೇರೆ ದಾರಿ ಹಿಡಿಯಿತು. ಮೊದಲು ಎಸ್‌ಎಂಪಿಎಸ್. 100ರಿಂದ 240 ವೋಲ್ಟ್ ತನಕ ತೆಗೆದುಕೊಳ್ಳುವ, 80 ಪ್ಲಸ್ ಬ್ರಾಂಜ್ ಇರುವ, 550 ವ್ಯಾಟ್‌ನದು, 4,300 ರೂಪಾಯಿ. ಬ್ರಾಂಜ್ ಎನ್ನುವುದು ಎಷ್ಟು ಕರೆಂಟ್ ಪೋಲಾಗುವುದಿಲ್ಲ ಎಂದಷ್ಟೇ ಹೇಳುತ್ತದೆ, ಭದ್ರತೆಯ ಗ್ಯಾರಂಟಿ ಅಲ್ಲ. ಹಾಗಾಗಿ ಐದು ವರ್ಷ ವಾರಂಟಿ ಇರುವುದನ್ನೇ ಹುಡುಕಿದೆವು. ಈ ಮನೆಗೆ ನಿಜವಾಗಿ ಬೇಕಿದ್ದದ್ದು ಆ ಇನ್‌ಪುಟ್ ಸಾಲು. 178 ವೋಲ್ಟ್ ಅದಕ್ಕೆ ಸಮಸ್ಯೆಯೇ ಅಲ್ಲ. ಸ್ಟೆಬಿಲೈಸರ್ ಕೊಳ್ಳಬೇಕು ಎಂದುಕೊಂಡಿದ್ದ ದುಡ್ಡು ಅಲ್ಲೇ ಉಳಿಯಿತು.

ಆಮೇಲೆ ಮಾನಿಟರ್. 24 ಇಂಚು, 1080ಪಿ (1920×1080), 144 ಹರ್ಟ್ಸ್ ಅಂದರೆ ಸೆಕೆಂಡಿಗೆ 144 ಚಿತ್ರ, 10,500 ರೂಪಾಯಿ. ಇಷ್ಟು ಗಟ್ಟಿಯಾದ ಮೇಲೆ ಕಾರ್ಡ್ ಯಾವುದು ಎನ್ನುವುದು ದೊಡ್ಡ ಚರ್ಚೆಯಾಗಲೇ ಇಲ್ಲ. 1080ಪಿಗೆ ರೇಡಿಯಾನ್ ಆರ್‌ಎಕ್ಸ್ 6600 ಧಾರಾಳ. 8 ಜಿಬಿ ಮೆಮೊರಿ, 132 ವ್ಯಾಟ್, 21 ಸಾವಿರ. 3060ಗಿಂತ ಕರೆಂಟ್ ಕಡಿಮೆ ತಿನ್ನುತ್ತದೆ, ಅಂದರೆ ಯುಪಿಎಸ್ ಮೇಲೂ ಭಾರ ಕಡಿಮೆ. ಹುಡುಗ ತ್ರೀಡಿ ರೆಂಡರಿಂಗ್‌ನಂಥ ಕೆಲಸ ಮಾಡುವವನಾಗಿದ್ದರೆ ಎನ್ವಿಡಿಯಾ ಕಡೆಗೇ ಹೋಗು ಎನ್ನುತ್ತಿದ್ದೆ. ಅವನಿಗೆ ಆಟ, ಸ್ವಲ್ಪ ಕೋಡಿಂಗ್, ಅಷ್ಟೇ.

ಪ್ರೊಸೆಸರ್ ಬಗ್ಗೆ ಮಾತ್ರ ಹುಡುಗ ಸುಲಭಕ್ಕೆ ಬಿಡಲಿಲ್ಲ. ರೈಜನ್ 7 ಬಿಟ್ಟು ರೈಜನ್ 5 5600 ಹಾಕೋಣ ಎಂದಾಗ ಮುಖ ಸಣ್ಣದಾಯಿತು. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್, ಪೆಟ್ಟಿಗೆಯಲ್ಲೇ ಕೂಲರ್ ಬರುತ್ತದೆ, 11,500. 5800ಎಕ್ಸ್ ಜತೆ ಕೂಲರ್ ಬರುವುದಿಲ್ಲ, ಅದಕ್ಕೆ ಬೇರೆ ದುಡ್ಡು. ಈ ಕಾರ್ಡಿನ ಜತೆ ಆಟದಲ್ಲಿ ಇವೆರಡರ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಕಡಿಮೆ. "ನಿನ್ನ ಅಪ್ಪನ ಷರತ್ತು ಐದು ವರ್ಷ. ಸುಟ್ಟುಹೋಗದೆ ಐದು ವರ್ಷ ಬಾಳುವುದೂ ವೇಗದಷ್ಟೇ ಮುಖ್ಯ ಮಾರಾಯ" ಎಂದೆ. ಉಳಿದ ದುಡ್ಡೇ ಯುಪಿಎಸ್, ಮಾನಿಟರ್ ಆಯಿತು.

ಎಎಂ5 ಮದರ್‌ಬೋರ್ಡಿಗೆ ಹೋಗೋಣವಾ ಎಂಬುದನ್ನೂ ಯೋಚಿಸಿದೆವು. ಅದು 2022ರಲ್ಲಿ ಬಂದ, ಪ್ರೊಸೆಸರ್ ಕೂರುವ ಹೊಸ ಸಾಕೆಟ್, ಮುಂದೆ ಇನ್ನೂ ಪ್ರೊಸೆಸರ್ ಬರುತ್ತವೆ. ಆದರೆ ಬೋರ್ಡ್, ಡಿಡಿಆರ್5 ರಾಮ್ ಎರಡೂ ದುಬಾರಿಯಾಗಿದ್ದವು. ಆ ದುಡ್ಡು ತರಬೇಕಾದರೆ ಯುಪಿಎಸ್ ಬಿಡಬೇಕಿತ್ತು. ಹಾಗಾಗಿ 5600 ಕೂರುವ ಹಿಂದಿನ ಸಾಕೆಟ್ ಎಎಂ4ರಲ್ಲೇ ಉಳಿದು ಬಿ550 ಬೋರ್ಡ್ ತೆಗೆದುಕೊಂಡೆವು. ಹಳೇ ಸ್ಟಾಕಿನ ಬಿ450 ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಅದರ ಬಯಾಸ್ (ಬೋರ್ಡಿನೊಳಗೇ ಇರುವ ಮೂಲ ತಂತ್ರಾಂಶ) ಹಳೆಯದಿದ್ದರೆ 5600 ಹಾಕಿದಾಗ ಆನ್ ಆಗುವುದೇ ಇಲ್ಲ. ಮೊದಲ ಸಲ ಜೋಡಿಸುವವರು ಆ ಗೋಜಿಗೆ ಹೋಗಬಾರದು.

ರಾಮ್ 16 ಜಿಬಿಯ ಒಂದೇ ಕಡ್ಡಿ ಬೇಡ, 8 ಜಿಬಿಯ ಎರಡು. ಎರಡಿದ್ದರೆ ಪ್ರೊಸೆಸರ್‌ಗೆ ಎರಡು ದಾರಿಯಲ್ಲಿ ಮೆಮೊರಿ ಸಿಗುತ್ತದೆ. ಆಟ, ಫೈಲು ಇಡುವ ಎಸ್‌ಎಸ್‌ಡಿ 1 ಟಿಬಿಯದು. ಕ್ಯಾಬಿನೆಟ್ ಮುಂದೆ ಗಾಜಿನ ಬದಲು ಜಾಲರಿ ಇರುವುದು, ಒಳಗೆ ತೊಳೆಯಬಹುದಾದ ಫಿಲ್ಟರ್. ಮನೆ ಮುಂದೆಯೇ ಕಾಫಿ ಒಣಗಿಸುವ ಕಣ ಇದ್ದದ್ದು ಇದಕ್ಕೆ ಕಾರಣ. ಮುಂದಿನಿಂದ ಗಾಳಿ ಎಳೆಯಲು ಎರಡು ಫ್ಯಾನ್, ಹಿಂದಕ್ಕೆ ತಳ್ಳಲು ಒಂದು. ಒಳಗೆ ಬರುವ ಗಾಳಿ ಜಾಸ್ತಿಯಿದ್ದರೆ ಸಂದುಗೊಂದಿನಿಂದ ಧೂಳು ನುಗ್ಗುವುದು ಕಡಿಮೆ.

ಯುಪಿಎಸ್ ಲೆಕ್ಕ ಹುಡುಗನೇ ಮಾಡಿದ. ಪ್ರೊಸೆಸರ್ ಹೆಚ್ಚೆಂದರೆ 76 ವ್ಯಾಟ್, ಕಾರ್ಡ್ 132, ಬೋರ್ಡು ಫ್ಯಾನು ಎಲ್ಲ ಸೇರಿ 40, ಮಾನಿಟರ್ 30. ಎಸ್‌ಎಂಪಿಎಸ್‌ನಲ್ಲಿ ಪೋಲಾಗುವುದನ್ನೂ ಸೇರಿಸಿದರೆ 300ರ ಮೇಲೆ. 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್, ತೀರಾ ಬಿಗಿ. ಹಾಗಾಗಿ 1000 ವಿಎ, 600 ವ್ಯಾಟ್‌ನದು, 5,200. ಎಲ್ಲ ಸೇರಿ 73,700. ಅರ್ತ್ ಗುಂಡಿಯ ಕೂಲಿ ಮನೆ ಖರ್ಚಿಗೆ ಹೋಯಿತು.

ಕೆಲವು ಭಾಗ ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದರು, ಕೆಲವು ಆನ್‌ಲೈನ್. ಎಲ್ಲದಕ್ಕೂ ಜಿಎಸ್‌ಟಿ ಬಿಲ್. ಬಿಲ್ ಬೇಡ, ಕಮ್ಮಿಗೆ ಕೊಡ್ತೀವಿ ಎಂದ ಕಡೆ ಕೊಳ್ಳಲಿಲ್ಲ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದೇ ಬಿಲ್.

ಜೋಡಣೆಯ ದಿನ

ಹುಡುಗ ಜೋಡಿಸಿದ, ನಾನು ಪಕ್ಕದಲ್ಲಿ ಕೂತಿದ್ದೆ. ಕೂಲರ್ ಹತ್ತಿರ ಸ್ವಲ್ಪ ಗಾಬರಿಯಾಯಿತು. 5600 ಜತೆ ಬರುವ ಕೂಲರ್ ನಾಲ್ಕು ಸ್ಕ್ರೂನಿಂದ ಕೂರುತ್ತದೆ. ಅದಕ್ಕೆ ಬೋರ್ಡಿನ ಮೇಲಿರುವ ಎರಡು ಪ್ಲಾಸ್ಟಿಕ್ ಹಿಡಿಗಳನ್ನು ಮೊದಲು ಬಿಚ್ಚಬೇಕು. ಬಿಚ್ಚಿದ ಕೂಡಲೇ ಹಿಂದಿನ ಲೋಹದ ಪಟ್ಟಿ ಕಳಚಿ ಟೇಬಲ್ ಮೇಲೆ ಬೀಳುತ್ತದೆ. ಬೋರ್ಡ್ ಮುರಿಯಿತು ಎಂದೇ ಅವನು ಅಂದುಕೊಂಡ. ಹಿಂದಿನಿಂದ ಪಟ್ಟಿ ಒತ್ತಿ ಹಿಡಿದು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರೆ ಆಯಿತು.

ಪವರ್ ಒತ್ತಿದಾಗ ಫ್ಯಾನ್ ತಿರುಗಿದವು, ಪರದೆ ಕಪ್ಪು. ನಾನು ಬಾಯಿ ಬಿಡಲಿಲ್ಲ. ಅವನೇ ಬೋರ್ಡಿನ ಮೂಲೆಯಲ್ಲಿ ಡಿರಾಮ್ ಎಂದು ಬರೆದ ಪುಟ್ಟ ದೀಪ ಉರಿಯುವುದನ್ನು ನೋಡಿದ. ಆ ಬೋರ್ಡಿನ ರಾಮ್ ಸ್ಲಾಟಿಗೆ ಒಂದೇ ಕಡೆ ಚಿಲಕ. ಆ ಕಡೆ ಟಕ್ ಎಂದಿತ್ತು, ಇನ್ನೊಂದು ತುದಿ ಪೂರ್ತಿ ಕೂತಿರಲಿಲ್ಲ. ಪ್ಲಗ್ ತೆಗೆದು ಗಟ್ಟಿಯಾಗಿ ಒತ್ತಿದ. ಚಿತ್ರ ಬಂತು.

ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿದೆವು, ಇಲ್ಲದಿದ್ದರೆ 3200ರ ರಾಮ್ ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ಟಿಪಿಎಂ, ಸೆಕ್ಯೂರ್ ಬೂಟ್ ಕೂಡ ಆನ್. ಕೊನೆಗೆ ಆಟ ಓಡುತ್ತಿರುವಾಗಲೇ ಅಮ್ಮನ ಕೈಯಿಂದ ಮೇನ್ ಸ್ವಿಚ್ ಆಫ್ ಮಾಡಿಸಿದೆವು. ಯುಪಿಎಸ್ ಕೀಕ್ ಎಂದಿತು, ಆಟ ನಿಲ್ಲಲಿಲ್ಲ. ಈ ಪರೀಕ್ಷೆ ಮಾಡದೆ ನಾನು ಯಾವ ಮನೆಯಿಂದಲೂ ಹೊರಡುವುದಿಲ್ಲ. ಕೆಲವು ಯುಪಿಎಸ್, ಕೆಲವು ಎಸ್‌ಎಂಪಿಎಸ್ ಒಂದಕ್ಕೊಂದು ಹೊಂದುವುದಿಲ್ಲ. ಅದು ಗೊತ್ತಾಗುವುದು ಹೀಗೆ ಮಾಡಿ ನೋಡಿದಾಗಲೇ.

ಮೇ ತಿಂಗಳ ಸಿಡಿಲು

ಎರಡು ತಿಂಗಳು ಯಾವ ತೊಂದರೆಯೂ ಇರಲಿಲ್ಲ. ನಡುವೆ ಹುಡುಗ ಒಂದು ಬದಲಾವಣೆ ಮಾಡಿದ್ದ. ಕೋಣೆಗೆ ವೈಫೈ ಸರಿಯಾಗಿ ಬರುವುದಿಲ್ಲ ಎಂದು ಹಾಲ್‌ನಲ್ಲಿದ್ದ ರೌಟರ್‌ನಿಂದ ಲ್ಯಾನ್ ಕೇಬಲ್ ಎಳೆದಿದ್ದ. ಮುಂಗಾರಿಗೆ ಮುಂಚಿನ ಒಂದು ಸಂಜೆ ಸಿಡಿಲು ಹತ್ತಿರದಲ್ಲೇ ಹೊಡೆಯಿತು. ರೌಟರ್ ಅಡಾಪ್ಟರ್ ಕರಕಲಾಯಿತು. ಕಂಪ್ಯೂಟರ್ ಎಂದಿನಂತೆ ಆನ್ ಆಯಿತು, ಆದರೆ ಲ್ಯಾನ್ ಪೋರ್ಟ್ ಸತ್ತಿತ್ತು.

ನನಗೆ ಈ ಪ್ರಕರಣದ ಅತಿ ಮುಖ್ಯ ಭಾಗ ಇದು. ಕಂಪ್ಯೂಟರಿನ ಪ್ಲಗ್ ಯುಪಿಎಸ್ ಹಿಂದೆ ಇತ್ತು, ಹೊಸ ಅರ್ತ್ ಇತ್ತು, ಆ ದಾರಿಯಿಂದ ಏನೂ ಬರಲಿಲ್ಲ. ಆದರೆ ರೌಟರ್ ಇದ್ದದ್ದು ಹಾಲ್‌ನ ಹಳೇ ಪ್ಲಗ್‌ನಲ್ಲಿ. ಅಲ್ಲಿಂದ ಬಂದ ಏಟು ತಾಮ್ರದ ಲ್ಯಾನ್ ಕೇಬಲ್ ಹಿಡಿದು ನೇರ ಬೋರ್ಡಿಗೆ ತಲುಪಿತು. ಮನೆಗೆ ಬರುವ ಫೈಬರ್ ಗಾಜಿನದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಭಯವಿಲ್ಲ ಎಂದು ಹುಡುಗ ನಂಬಿದ್ದ. ಫೈಬರ್ ಬಗ್ಗೆ ಆ ಮಾತು ನಿಜ. ರೌಟರ್‌ಗೆ ಕರೆಂಟ್ ಕೊಡುವ ವೈರ್ ಮಾತ್ರ ತಾಮ್ರದ್ದೇ ಅಲ್ವಾ?

ಬೋರ್ಡ್ ಬದಲಿಸಬೇಕಾಗಲಿಲ್ಲ. ಯುಎಸ್‌ಬಿಗೆ ಹಾಕುವ ಪುಟ್ಟ ವೈಫೈ ಅಡಾಪ್ಟರ್ ತಂದ, ರೌಟರನ್ನು ಕೋಣೆಯ ಬಾಗಿಲ ಹತ್ತಿರ ತಂದು ಅದನ್ನೂ ಯುಪಿಎಸ್‌ಗೇ ಸೇರಿಸಿದ. ಲ್ಯಾನ್ ಕೇಬಲ್ ತೆಗೆದ. ಗುಡುಗು ಕೇಳಿಸಿದರೆ ಗೋಡೆಯಿಂದ ಯುಪಿಎಸ್ ಪ್ಲಗ್ಗನ್ನೇ ಕಿತ್ತಿಡುವುದು ಈಗ ಆ ಮನೆಯ ರೂಢಿ. ಹತ್ತಿರದ ಸಿಡಿಲಿಗೆ ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಮಳೆಗಾಲದ ಥಂಡಿಗೆ ಏನು ಮಾಡುವುದು ಎಂದು ಕೇಳಿದ್ದ. ಬಟ್ಟೆ ಹೊದಿಸಿ ಮುಚ್ಚಿಡಬೇಡ, ದಿನಾ ಸ್ವಲ್ಪ ಹೊತ್ತು ಓಡಿಸು ಎಂದೆ. ಓಡುವ ಕಂಪ್ಯೂಟರ್ ತನ್ನ ಬಿಸಿಯಲ್ಲೇ ಒಣಗಿರುತ್ತದೆ. ಮುಂದಿನ ಕೊಯ್ಲಿನ ಕಾಲದಲ್ಲಿ ಫಿಲ್ಟರ್ ತೆಗೆದು ನೋಡಿದಾಗ ಕಣದ ಧೂಳು, ಕಾಫಿ ಸಿಪ್ಪೆಯ ಪುಡಿ ದಪ್ಪಕ್ಕೆ ಕೂತಿತ್ತು. ಒಳಗೆ ಕಾರ್ಡಿನ ಫ್ಯಾನ್ ಮೇಲೆ ತೆಳ್ಳಗೆ ಮಾತ್ರ.

ಇದಾದ ಮೇಲೆ ನಾನು ಕೇಳುವ ಪ್ರಶ್ನೆಗಳು

ಸಕಲೇಶಪುರ, ಕೊಪ್ಪ, ಬಾಳೆಹೊನ್ನೂರು ಕಡೆಯಿಂದ ಫೋನ್ ಬಂದಾಗ ಈಗ ಮೊದಲು ಫೋಟೋ ಕಳಿಸಲು ಹೇಳುತ್ತೇನೆ. ಇನ್ವರ್ಟರ್‌ನ ಲೇಬಲ್, ಪ್ಲಗ್ ಬಿಚ್ಚಿದಾಗ ಒಳಗಿನ ವೈರ್, ಇರುವ ಮಾನಿಟರ್‌ನ ಮಾಡೆಲ್ ನಂಬರ್, ರೌಟರ್ ಎಲ್ಲಿದೆ ಎನ್ನುವುದು. ಪ್ಲಗ್ ಬಿಚ್ಚುವ ಕೆಲಸ ಮಾತ್ರ ಎಲೆಕ್ಟ್ರಿಷಿಯನ್ ಮಾಡಲಿ, ಅದೂ ಮೇನ್ ಆಫ್ ಮಾಡಿ. ಅರ್ತ್ ಇಲ್ಲದ ಮನೆಗೆ ಪಟ್ಟಿ ಬರೆದುಕೊಡುವುದನ್ನು ನಾನು ನಿಲ್ಲಿಸಿದ್ದೇನೆ. ಕೆಲವರಿಗೆ ಬೇಜಾರಾಗುತ್ತದೆ, ಆಗಲಿ.

ಬಜೆಟ್ ಬಿಗಿಯಿದ್ದಾಗ ಯಾವುದರಿಂದ ಕಳೆಯಬೇಕು ಎಂಬುದಕ್ಕೆ ಈ ಪ್ರಕರಣ ಆದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಪ್ರೊಸೆಸರ್ ಒಂದು ಮೆಟ್ಟಿಲು ಇಳಿಸಬಹುದು, ಅದನ್ನು ಆಮೇಲೆ ಬದಲಿಸಲು ಆಗುತ್ತದೆ. ಇದೇ ಬೋರ್ಡಿಗೆ 5700ಎಕ್ಸ್3ಡಿಯಂಥ ಆಟಕ್ಕೆಂದೇ ಮಾಡಿದ ಪ್ರೊಸೆಸರ್ ಕೂರುತ್ತದೆ. ದೀಪ, ಗಾಜು, ನೀರಿನ ಕೂಲರ್ ಪೂರ್ತಿ ಬಿಡಬಹುದು. ಎಸ್‌ಎಂಪಿಎಸ್‌ನಲ್ಲಿ ಮಾತ್ರ ನೂರು ರೂಪಾಯಿಯೂ ಕಳೆಯಬಾರದು, ಅದು ಕೆಟ್ಟರೆ ಉಳಿದದ್ದನ್ನೂ ಜತೆಗೆ ಕೊಂಡೊಯ್ಯುತ್ತದೆ.

ಹುಡುಗನಿಗೆ ಈಗ ದೊಡ್ಡ ಕಾರ್ಡಿನ ಆಸೆ ಶುರುವಾಗಿದೆ. 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ, 600 ವ್ಯಾಟ್ ಯುಪಿಎಸ್‌ನಲ್ಲಿ ಅದಕ್ಕೆ ಜಾಗ ಇದೆ. ಆದರೆ ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಇಳಿಯುವಂಥದ್ದು, ಅದಕ್ಕಿಂತ ಮುಂಚೆ ಕಾರ್ಡ್ ಬೇಡ ಎಂದಿದ್ದೇನೆ. ಅಪ್ಪನನ್ನು ಕೇಳುವ ಹಾಗಿಲ್ಲ. ರಜೆಯಲ್ಲಿ ಮೆಣಸು ಬಿಡಿಸಿದ ಕೂಲಿಯಲ್ಲಿ ಅವನು ಬ್ಯಾಟರಿ ದುಡ್ಡು ಎತ್ತಿಟ್ಟಿದ್ದಾನೆ.